ತಾಟು ತೊಳೆದ ನೀರು

ಅತ್ತೆಯ ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಬೊಟ್ಟುಗಳಿದ್ದವು. ಊಟ ಮುಗಿದ ಮೇಲೆ ಅವರು ತಾಟಿಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ಅಂಚನ್ನೆಲ್ಲ ಬಳಿದು, ಎರಡೂ ಕೈಯಿಂದ ತಾಟೆತ್ತಿ ಆ ನೀರನ್ನು ಕುಡಿಯುತ್ತಿದ್ದರು. ಎಷ್ಟು ಜಾಗ್ರತೆಯಿಂದ ಕುಡಿದರೂ ಒಂದು ಹನಿ ತಪ್ಪಿಸಿಕೊಂಡು ತುಟಿಯ ಮೂಲೆಯಿಂದ ಇಳಿದು ಆ ಬೊಟ್ಟುಗಳ ಹತ್ತಿರ ನಿಲ್ಲುತ್ತಿತ್ತು. ಅದನ್ನೂ ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಂಡ ಮೇಲೆಯೇ ಅವರ ಊಟ ಮುಗಿಯುತ್ತಿತ್ತು. ಆಮೇಲೆ ಆ ತಾಟನ್ನು ತಿಕ್ಕಲು ಕೂತರೆ ತಿಕ್ಕುವುದಕ್ಕೆ ಏನೂ ಇರುತ್ತಿರಲಿಲ್ಲ.

ಲಿಂಗಪೂಜೆ ಆಗದೆ ಒಂದು ಗುಟುಕು ಚಹಾ ಕುಡಿದವರಲ್ಲ. ಉಂಡದ್ದೆಲ್ಲ ಪ್ರಸಾದ, ಪ್ರಸಾದದಲ್ಲಿ ಒಂದು ಅಗುಳನ್ನೂ ಬಿಡಬಾರದು ಎನ್ನುವುದು ಅವರು ಬೆಲ್ಲದ ಬಾಗೇವಾಡಿಯ ತವರಿನಿಂದ ತಂದ ರೂಢಿ. ಕಲ್ಲೋಳಿಯ ನನ್ನ ತವರುಮನೆಯಲ್ಲೂ ಲಿಂಗ ಕಟ್ಟಿಕೊಳ್ಳುವವರೇ, ಆದರೆ ತಾಟು ತೊಳೆದು ಕುಡಿಯುವುದು ಅಜ್ಜನ ಕಾಲಕ್ಕೇ ಮುಗಿದಿತ್ತು. ಹಾಗಾಗಿ ಮದುವೆಯಾಗಿ ಗೋಕಾಕಿಗೆ ಬಂದ ಮೊದಲ ದಿನ ನಾನು ತಾಟಿನ ಮೂಲೆಯಲ್ಲಿ ರೊಟ್ಟಿಯ ಒಂದು ಅಂಚನ್ನೂ ಎರಡು ಹಸಿಮೆಣಸಿನಕಾಯಿಯನ್ನೂ ಸರಿಸಿ ಏಳಲು ಹೋದೆ. ಅತ್ತೆ ತಾಟನ್ನು ನೋಡಿದರು, ನನ್ನನ್ನು ನೋಡಿದರು.

"ಇದು ಯಾರಿಗಿಟ್ಟಿ?" ಎಂದು ಕೇಳಿದರು.

ಸಿಟ್ಟೇನೂ ಇರಲಿಲ್ಲ. ಖರೇನೇ ಯಾರಿಗೋ ಇಟ್ಟಿರಬೇಕು ಎಂಬಂತೆ ಕೇಳಿದ ಪ್ರಶ್ನೆ ಅದು. ನಾನು ರೊಟ್ಟಿಯ ಅಂಚಿನ ಜೊತೆ ಮೆಣಸಿನಕಾಯಿಯನ್ನೂ ತಿಂದೆ. ಕಣ್ಣಲ್ಲಿ ನೀರು ಬಂತು. ಮನೆ ತುಂಬಿದ್ದ ನೆಂಟರು ಹುಡುಗಿಗೆ ತವರು ನೆನಪಾಯಿತೆಂದು ಸಮಾಧಾನ ಮಾಡಿದರು.

ಆಮೇಲೆ ಇಪ್ಪತ್ತು ವರ್ಷ ಆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಸಿಕೊಳ್ಳಬಾರದೆಂದು ನಾನು ಎಲ್ಲವನ್ನೂ ತಿಂದೆ. ನನ್ನ ತಾಟಿನದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನನ್ನ ಗಂಡನದು ಪಂಪಸೆಟ್ಟು ರಿಪೇರಿಯ ಅಂಗಡಿ. ಫೋನ್ ಬಂದರೆ ಅರ್ಧ ರೊಟ್ಟಿ ಬಿಟ್ಟು ಎದ್ದುಬಿಡುವ ಮನುಷ್ಯ. ಮಗನಿಗೆ ಅನ್ನ ಹೆಚ್ಚಾಗುತ್ತಿತ್ತು, ಮಗಳಿಗೆ ಪಲ್ಯ ಸೇರುತ್ತಿರಲಿಲ್ಲ. ಚೆಲ್ಲುವಂತಿಲ್ಲ, ಅತ್ತೆಯ ಕಣ್ಣಿಗೆ ಬೀಳುವಂತೆ ಇಡುವಂತೆಯೂ ಇಲ್ಲ. ತಾಟು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಕಟ್ಟೆಗೆ ಒರಗಿ ನಿಂತು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಮನೆಗೊಂದು ಮುಸುರೆ ಬಕೆಟ್ಟು ಬೇಕಲ್ಲ, ಅದು ನಾನಾಗಿದ್ದೆ.

ಇನ್ನು ನನ್ನ ಕೆಲಸ. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಹೊಲಿಗೆ ಮಷಿನ್ನಿಂದ ಕೈ ಚಾಚಿದರೆ ಅಡುಗೆಮನೆಯ ಬಾಗಿಲು, ಇನ್ನೊಂದು ಹೆಜ್ಜೆಗೆ ಡಬ್ಬಿಗಳ ಸಾಲು. ಹುರಿದ ಶೇಂಗಾ, ಹಚ್ಚಿದ ಚುರಮುರಿ, ಚಕ್ಕಲಿ. ಹೊರಗಿನವರು ಗೋಕಾಕಿಗೆ ಬಂದರೆ ಇಲ್ಲಿನ ಸಿಹಿ ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ನಮ್ಮ ನೆಂಟರಿಗೆ ಅಷ್ಟೂ ಬುದ್ಧಿಯಿಲ್ಲ, ಗೋಕಾಕಿನ ಅಂಗಡಿಯಲ್ಲೇ ಕೊಂಡು ಗೋಕಾಕಿನ ನಮ್ಮ ಮನೆಗೇ ತಂದುಕೊಡುತ್ತಾರೆ. ಒಂದು ತೋಳು ಹೊಲಿದರೆ ಒಂದು ಮುಷ್ಟಿ ಶೇಂಗಾ, ಗುಂಡಿಯ ಕಾಜಾ ಹಾಕಿದರೆ ಒಂದು ಚಕ್ಕಲಿ. ಊರ ಹೆಂಗಸರ ಅಳತೆಯೆಲ್ಲ ನನ್ನ ಟೇಪಿಗೆ ಗೊತ್ತಿತ್ತು, ನನ್ನದೊಂದನ್ನು ಬಿಟ್ಟು.

ಹೀಗಿರುವಾಗ ಹೊಕ್ಕುಳದ ಹತ್ತಿರ ಒಂದು ಗಂಟು ಕಾಣಿಸಿಕೊಂಡಿತು. ಎರಡೂ ಹೆರಿಗೆಗಳು ಹೊಟ್ಟೆ ಕೊಯ್ದೇ ಆಗಿದ್ದವು. ಆ ಹಳೆಯ ಹೊಲಿಗೆಯ ಜಾಗದಲ್ಲಿ ಒಳಗಿನ ಕರುಳು ಹೊರಕ್ಕೆ ತಳ್ಳುತ್ತಿದೆ, ಅದು ಹರ್ನಿಯಾ ಎಂದರು ಡಾಕ್ಟರು. ಆಪರೇಷನ್ ಆಗಬೇಕು, ಆದರೆ ಇಷ್ಟು ತೂಕದಲ್ಲಿ ಮಾಡಿದರೆ ಹೊಲಿಗೆ ನಿಲ್ಲುವ ಭರವಸೆಯಿಲ್ಲ, ಹತ್ತು ಕಿಲೋ ಇಳಿಸಿಕೊಂಡು ಬರ್ರಿ ಎಂದರು. ಬಟ್ಟೆ ಬಿಗಿಯಾದಲ್ಲಿ ಹೊಲಿಗೆ ಬಿಟ್ಟುಕೊಳ್ಳುತ್ತದೆ ಎನ್ನುವುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಏಳುವ ಮೊದಲು ಅವರು ಇನ್ನೊಂದು ಮಾತು ಸೇರಿಸಿದರು. ಗಂಟು ಒಳಗೆ ಹೋಗದೆ ನೋವು ಶುರುವಾದರೆ ಒಂದು ಗಳಿಗೆಯೂ ತಡಮಾಡಬೇಡಿ, ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ.

ಆ ಮಾತು ಕೇಳಿ ಬಂದ ಮೇಲೆ ನನಗೆ ನೆಮ್ಮದಿ ಎನ್ನುವುದೇ ಇಲ್ಲವಾಯಿತು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಕೆಮ್ಮಿದರೆ ಹೆದರಿಕೆ, ಕೊಡ ಎತ್ತಿದರೆ ಹೆದರಿಕೆ. ಹೆದರಿದಾಗ ಹಸಿವು ಇನ್ನಷ್ಟು ಹೆಚ್ಚುವುದು ನನ್ನ ಹಣೆಬರಹ. ಗಂಡನಿಗೆ ಹೇಳಿದರೆ, ಎಷ್ಟೋ ಮಂದಿಗೆ ಆಗುತ್ತದೆ ಬಿಡು ಎಂದರು. ಮಧ್ಯಾಹ್ನದ ಊಟ ಬಿಟ್ಟು ನೋಡಿದೆ. ನಾಲ್ಕು ಗಂಟೆಗೆ ಕೈಕಾಲು ನಡುಗಿ ಎರಡು ಊಟದಷ್ಟು ಚುರಮುರಿ ತಿಂದೆ. ಅದು ಹಸಿವಲ್ಲ, ಬಾಯಿಚಪಲ, ನೀರು ಕುಡಿಯಿರಿ ಎಂದು ಮೊಬೈಲಿನಲ್ಲಿ ತೆಳ್ಳಗಿನ ಹುಡುಗಿಯೊಬ್ಬಳು ಹೇಳುತ್ತಿದ್ದಳು. ನೀರು ಕುಡಿದೆ. ಹೊಟ್ಟೆಯಲ್ಲಿ ನೀರಿನ ಜೊತೆ ಹಸಿವೂ ಇತ್ತು. ತೂಕ ನೋಡಿಕೊಂಡರೆ ಇಳಿಯುವುದಿರಲಿ, ಇನ್ನೊಂದು ಕಿಲೋ ಏರಿತ್ತು. ಅತ್ತೆಗೆ ಮಾತ್ರ ಏನೂ ಹೇಳಿರಲಿಲ್ಲ. ಉಣ್ಣಲು ಹೆದರುತ್ತೇನೆ ಎಂದು ಅವರ ಎದುರು ಯಾವ ಬಾಯಿಂದ ಹೇಳುವುದು?

ಕೊಣ್ಣೂರಿನಲ್ಲಿ ನೆಂಟರೊಬ್ಬರ ಹೊಸ ಮನೆಯ ಪ್ರವೇಶವಿತ್ತು. ಬಡಿಸುವವರು ಹೋಳಿಗೆಯನ್ನು ಕೇಳದೆಯೇ ಹಾಕುತ್ತಿದ್ದರು, ಬಾಜೂಕ್ಕೆ ಅತ್ತೆ ಕೂತಿದ್ದರು, ನಾನು ಎಲೆಯಲ್ಲಿ ಬಿದ್ದದ್ದನ್ನೆಲ್ಲ ತಿಂದೆ. ಸಂಜೆ ಮನೆಗೆ ಬಂದು ಸೀರೆ ಬದಲಿಸುವಾಗ ಹೊಟ್ಟೆ ಹಿಂಡಿದ ಹಾಗಾಯಿತು. ಮುಟ್ಟಿ ನೋಡಿದೆ. ಗಂಟು ಗಟ್ಟಿಯಾಗಿತ್ತು, ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ. ಅಲ್ಲೇ ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟೆ. ಗಂಡ ಅಂಗಡಿಯಲ್ಲಿದ್ದರು, ಮಕ್ಕಳು ಟ್ಯೂಷನ್‌ಗೆ ಹೋಗಿದ್ದರು. ಇಷ್ಟೇ ನನ್ನ ಆಯುಷ್ಯ, ಇನ್ನು ಮಗಳಿಗೆ ಜಡೆ ಹಾಕುವವರು ಯಾರು ಎಂದು ಏನೇನೋ ಯೋಚನೆಗಳು ಬಂದವು. ಕೂಗಿದರೆ ಗಂಟು ಇನ್ನಷ್ಟು ಹೊರಗೆ ಬಂದೀತೆಂದು ಕೂಗಲೂ ಇಲ್ಲ.

ನೀರು ತೆಗೆದುಕೊಳ್ಳಲು ಬಂದ ಅತ್ತೆ ನನ್ನನ್ನು ನೋಡಿದರು. ಕೈಯಲ್ಲಿದ್ದ ತಂಬಿಗೆ ಇಟ್ಟು ಬಂದು, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಸೀರೆ ಸರಿಸಿ ತೋರಿಸಿದೆ. ಅಂಗಡಿಯಲ್ಲಿದ್ದ ಮಗನಿಗೆ ಫೋನ್ ಮಾಡಿ, "ಇದ್ದದ್ದ ಇದ್ದಲ್ಲೆ ಬಿಟ್ಟ ಬಾ," ಎಂದಷ್ಟೇ ಹೇಳಿದರು. ಗಂಡ ಬರುವಷ್ಟರಲ್ಲಿ, ಮಲಗಿದ್ದಕ್ಕೋ ಏನೋ, ಗಂಟು ಮೆಲ್ಲಗೆ ಸಡಿಲಾಗಿ ಒಳಗೆ ಸರಿಯಿತು. ಆದರೂ ದವಾಖಾನೆಗೆ ಹೋದೆವು. ಈ ಸಲ ಪಾರಾದಿರಿ ಎಂದ ಡಾಕ್ಟರು ತೂಕದ ಮಾತನ್ನೇ ಮತ್ತೆ ಹೇಳಿದರು, ಈ ಬಾರಿ ಅತ್ತೆಯ ಎದುರಿಗೆ.

ಮನೆಗೆ ಬಂದ ಮೇಲೆ ಅತ್ತೆ ಕೇಳಿದರು, "ನನಗ ಹೇಳಾಕ ಏನಾಗಿತ್ತ?"

"ತಾಟಿನ್ಯಾಗ ಬಿಡಬಾರದು ಅಂತೀರಿ ನೀವು. ಎಲ್ಲಾರೂ ಬಿಟ್ಟಿದ್ದು ನಾನ ತಿಂತೇನ್ರಿ," ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು.

ಅವರು ಎದ್ದು ಪಡಸಾಲೆಗೆ ಹೋದರು. ಸಿಟ್ಟಾದರೆಂದು ನನಗೆ ಅದೊಂದು ಹೊಸ ಹೆದರಿಕೆ ಶುರುವಾಯಿತು. ಒಂದೆರಡು ದಿನ ಅತ್ತೆ ಅಡುಗೆಮನೆಯ ಬಾಗಿಲ ಹತ್ತಿರ ಕೂತು, ಯಾರ ತಾಟು ಯಾವ ಸ್ಥಿತಿಯಲ್ಲಿ ಒಳಗೆ ಹೋಗುತ್ತದೆ ಎಂದು ನೋಡಿದರು. ಆಮೇಲೊಂದು ಮಧ್ಯಾಹ್ನ ನನ್ನ ಗಂಡ ಎಂದಿನಂತೆ ಅರ್ಧ ರೊಟ್ಟಿ ಬಿಟ್ಟು ಎದ್ದರು.

"ಕುಂದರ," ಎಂದರು ಅತ್ತೆ. "ಇದು ಯಾರಿಗಿಟ್ಟಿ?"

ಗಂಡ ನಿಂತಲ್ಲೇ, "ಆಕಿ ತಿಂತಾಳಲ್ಲ," ಎಂದರು. ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಕಂಡದ್ದನ್ನು ಹೇಳಿದರು, ಅಷ್ಟೇ.

"ಆಕಿ ಹೊಟ್ಟಿ ಏನ್ ನಿಮ್ಮ ಕಣಜ ಅಂತ ತಿಳದಿ? ಬಿಟ್ಟಾಂವ ತಿನ್ನಬೇಕು. ತಿನ್ನಾಕ ಆಗೂದಿಲ್ಲಂದ್ರ ಕಮ್ಮಿ ನೀಡಿಸ್ಕೋಬೇಕು."

ಐವತ್ತರ ಹತ್ತಿರ ಬಂದ ಗಂಡಸು ಮತ್ತೆ ಕೂತು ಅರ್ಧ ರೊಟ್ಟಿ ತಿಂದು, ತಾಯಿ ನೋಡುತ್ತಿದ್ದಂತೆ ತಾಟಿಗೆ ನೀರು ಹಾಕಿ ತೊಳೆದು ಕುಡಿದರು. ಮಕ್ಕಳು ನಕ್ಕರು. ರಾತ್ರಿ ಊಟಕ್ಕೆ ಅವರ ಸರದಿ ಬಂದಾಗ ನಗುವುದು ನಿಂತಿತು. ಅತ್ತೆ ರೂಢಿಯನ್ನು ಬಿಡಲಿಲ್ಲ. ಅದರ ಭಾರ ನನ್ನೊಬ್ಬಳ ಮೇಲೆ ಬೀಳದಂತೆ ನೋಡಿಕೊಂಡರು. ನನಗೆ ಹೇಳಿದ್ದು ಒಂದೇ ಮಾತು: "ನಿನ್ನ ತಾಟು ಅಷ್ಟ ನಿಂದು. ಇನ್ನೊಬ್ಬರ ಬಿಟ್ಟಿದ್ದ ಮುಟ್ಟಬ್ಯಾಡ."

ಅಷ್ಟಕ್ಕೇ ಬಿಟ್ಟಿದ್ದರೆ ಅವರು ನನ್ನ ಅತ್ತೆಯೇ ಅಲ್ಲ. ಡಬ್ಬಿಗಳ ವಿಚಾರಕ್ಕೂ ಬಂದರು. ಏನೇ ತಿನ್ನಲಿ, ತಾಟಿಗೆ ಹಾಕಿಕೊಂಡು ನೆಲದ ಮೇಲೆ ಕೂತು ತಿನ್ನಬೇಕು, ತಾಟು ತೊಳೆದು ಕುಡಿಯಬೇಕು. ನಿಂತು ತಿಂದದ್ದು ಪ್ರಸಾದವಲ್ಲ. ಕೇಳುವಾಗ ಸುಲಭವೆನಿಸಿತು. ಮಾಡಿದಾಗ ಗೊತ್ತಾಯಿತು. ನಾಲ್ಕು ಶೇಂಗಾಕ್ಕಾಗಿ ಮಷಿನ್ ಬಿಟ್ಟು ಏಳಬೇಕು, ಆ ಮೈ ಹೊತ್ತುಕೊಂಡು ನೆಲಕ್ಕೆ ಕೂರಬೇಕು, ತಿಂದು ನೀರು ಕುಡಿದು ಮೊಣಕಾಲಿಗೆ ಕೈಯೂರಿ ಮತ್ತೆ ಏಳಬೇಕು. ರವಿಕೆ ಒಯ್ಯಲು ಬಂದವರು ನಾನು ಎರಡೂ ಕೈಯಲ್ಲಿ ತಾಟೆತ್ತಿ ಕುಡಿಯುವುದನ್ನು ನೋಡಿ, ಊಟ ಈಗಾಯಿತೇ ಎಂದು ಕೇಳುತ್ತಿದ್ದರು. ಕದ್ದು ತಿನ್ನೋಣವೆಂದರೆ ಪಡಸಾಲೆಯಲ್ಲಿ ಕೂತ ಅತ್ತೆಗೆ ಮುಚ್ಚಳದ ಸಪ್ಪಳ ಕೇಳುತ್ತಿತ್ತು.

"ತಾಟು ತಗೊಂಡಿಯೇನು?" ಎಂದು ಅಲ್ಲಿಂದಲೇ ಕೇಳುತ್ತಿದ್ದರು. ನಾನು ಮುಚ್ಚಳ ಹಾಕಿ ಮಷಿನ್ನಿಗೆ ಮರಳುತ್ತಿದ್ದೆ.

ಹಸಿವೇನೂ ಹೋಗಲಿಲ್ಲ. ಒಂದು ದಿನ ತಾಳಲಾರದೆ ಅವರ ಹತ್ತಿರ ಹೋಗಿ ಕೂತು, "ಹಸಿವ ಹೋಗವಲ್ತ್ರಿ. ಎಲ್ಲಾರೂ ಅದು ಸುಳ್ಳ ಹಸಿವು ಅಂತಾರ," ಎಂದೆ.

"ಸುಳ್ಳ್ಯಾಕ ಇರತೈತಿ? ನಿನ್ನ ಹೊಟ್ಟಿ ಅವರಿಗೇನ ಗೊತ್ತು. ಹಸಿವು ಖರೇನ ಐತಿ," ಎಂದರು. ನನ್ನ ಕಡೆ ತಿರುಗಿ, "ಆದರ ಅದು ಕರದ ಕೂಡ್ಲೆ ಓಡಿ ಹೋಗಬೇಕಂತೇನೂ ಇಲ್ಲ. ನಿನ್ನ ಗಂಡ ಕರದಾಗ ಓಡಿ ಹೋಗ್ತಿಯೇನು? ಬಂದ್ನಿರಿ ಅಂತಿ, ಕೈಯಾಗಿನ ಕೆಲಸ ಮುಗಸ್ತಿ. ಹಂಗ," ಎಂದರು.

ನನಗೆ ನಗು ಬಂತು. ಅದಕ್ಕಿಂತ ಹೆಚ್ಚಾಗಿ ಒಂದು ಸಮಾಧಾನವಾಯಿತು. ನನ್ನ ಹಸಿವನ್ನು ನಿಜವೆಂದು ಒಪ್ಪಿದವರು ಅವರೊಬ್ಬರೇ. ಆವತ್ತಿನಿಂದ ನಾಲ್ಕು ಗಂಟೆಗೆ ಹೊಟ್ಟೆ ಕರೆದಾಗ ಬಂದೆ ಎನ್ನುತ್ತಾ ಒಂದು ಹೊಲಿಗೆ ಮುಗಿಸುತ್ತಿದ್ದೆ. ಆಮೇಲೂ ಕರೆದರೆ ತಾಟು ತರುತ್ತಿದ್ದೆ. ಅತ್ತೆ ಸೌತೆಕಾಯಿ, ಮೂಲಂಗಿ, ಹಸಿ ಮೆಂತ್ಯದ ಸೊಪ್ಪು ಹೆಚ್ಚಿ ಶೇಂಗಾ ಚಟ್ನಿಯ ಜೊತೆ ತಮ್ಮ ತಾಟಿನಲ್ಲೂ ಇಟ್ಟುಕೊಂಡು ನನ್ನ ಎದುರಿಗೆ ಕೂರುತ್ತಿದ್ದರು. ಹಲ್ಲಿಲ್ಲದ ಬಾಯಲ್ಲಿ ಮೂಲಂಗಿ ಅಗಿಯಲು ಅವರಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ ನಾನೂ ನಿಧಾನವಾಗಿಯೇ ತಿನ್ನಬೇಕಾಗುತ್ತಿತ್ತು. ಹಬ್ಬದ ದಿನ ಹೋಳಿಗೆಯನ್ನು ಮುರಿದು ಅರ್ಧ ನನಗೆ ಕೊಟ್ಟು, ಉಳಿದರ್ಧ ಮಗನ ತಾಟಿಗೆ ಹಾಕುತ್ತಿದ್ದರು. ನನ್ನ ಗಂಡನ ಹೊಟ್ಟೆ ಮುಂದೆ ಬರತೊಡಗಿದ್ದು ಆಗಲೇ.

ತೂಕ ಬೇಗನೆ ಇಳಿಯಲಿಲ್ಲ. ಇಳಿಯುವುದು, ನಿಲ್ಲುವುದು, ಮತ್ತೆ ಅಷ್ಟು ಏರುವುದು. ತೂಕದ ಕಾಟಾದ ಮೇಲೆ ಕಾಲಿಡುವ ದಿನ ನನಗೆ ಬೆಳಗಿನಿಂದ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ವರ್ಷದ ಮೇಲಾಯಿತು. ಕೊನೆಗೆ ಡಾಕ್ಟರು ಆಗಬಹುದು ಎಂದರು. ಆಪರೇಷನ್ನಿನ ದಿನ ಅತ್ತೆ ದವಾಖಾನೆಯ ಬೆಂಚಿನ ಮೇಲೆ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರಂತೆ, ನಾನು ಹೊರಗೆ ಬರುವವರೆಗೆ ನೀರೂ ಮುಟ್ಟಲಿಲ್ಲವಂತೆ. ಹೊಲಿಗೆ ನಿಂತಿತು.

ಈಗ ಅವರು ಹೋಗಿ ಎರಡು ವರ್ಷವಾಗುತ್ತಿದೆ. ನನ್ನ ಹಸಿವು ಹೋಗಿಲ್ಲ, ಹೆದರಿಕೆಯೂ ಪೂರ್ತಿ ಹೋಗಿಲ್ಲ. ತೂಕ ಒಂದು ಕಿಲೋ ಏರಿದರೆ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ನಾಲ್ಕು ಗಂಟೆಗೆ ಮುಚ್ಚಳ ತೆಗೆದಾಗ ಪಡಸಾಲೆಯಿಂದ ಯಾರೂ ಕೇಳುವುದಿಲ್ಲ. ಆದರೂ ತಾಟು ತೆಗೆದುಕೊಂಡು ಕೂರುತ್ತೇನೆ. ಬೇರೆಯವರ ತಾಟಿನದನ್ನು ಅಂದಿನಿಂದ ಮುಟ್ಟಿಲ್ಲ, ಒಂದು ಸಲವನ್ನು ಬಿಟ್ಟು.

ಕೊನೆಯ ತಿಂಗಳುಗಳಲ್ಲಿ ಅತ್ತೆಗೆ ಹಸಿವೇ ಸತ್ತುಹೋಗಿತ್ತು. ನನಗೆ ಹೊತ್ತುಗೊತ್ತಿಲ್ಲದೆ ಕಾಡುವ ಹಸಿವಿನಲ್ಲಿ ಒಂದು ಪಾಲು ಅವರಿಗೆ ಕೊಡುವಂತಿದ್ದರೆ ಎಂದು ಸಂಕಟಪಡುತ್ತಿದ್ದೆ. ಉಳಿಸಬೇಕಾದೀತೆಂಬ ಚಿಂತೆ ಅವರಿಗೆ. ತಾಟು ಬೇಡವೆಂದು ಬಟ್ಟಲು ಕೇಳಿದರು, ಬಟ್ಟಲೂ ಹೆಚ್ಚೆಂದು ಚಹಾದ ಕಪ್ಪು ಕೇಳಿದರು. ಕಪ್ಪಿನಲ್ಲಿ ಗಂಜಿ ಕುಡಿದು, ಅದಕ್ಕೇ ನೀರು ಹಾಕಿಸಿಕೊಂಡು ಅದನ್ನೂ ಕುಡಿಯುತ್ತಿದ್ದರು. ಒಂದು ಬೆಳಿಗ್ಗೆ ಎರಡು ಗುಟುಕಿಗೇ ಮುಖ ತಿರುಗಿಸಿದರು. ಇನ್ನೊಂದು ಗುಟುಕು ಕುಡಿಸಲು ನೋಡಿದೆ, ಬಾಯಿ ತೆರೆಯಲಿಲ್ಲ. ಕಪ್ಪಿನ ತಳದಲ್ಲಿ ಗಂಜಿ ಉಳಿದಿತ್ತು. ಅವರು ಉಳಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ಹೆದರಿಕೆ ಮುಚ್ಚಿಕೊಳ್ಳಲು ಅವರದೇ ಮಾತಿನಲ್ಲಿ ಗದರಿಸಿದೆ.

"ಅತ್ತಿ, ಇದು ಯಾರಿಗಿಟ್ಟೀರಿ?"

ಅವರು ಕಣ್ಣು ತೆರೆದರು.

"ನಿನಗ," ಎಂದರು. ಉಸಿರು ತೆಗೆದುಕೊಂಡು ಮತ್ತೆ ಹೇಳಿದರು, "ಎರಡ ಚಮಚಿ ಐತಿ. ತೂಕಾ ಏರೂದಿಲ್ಲ."

ನಾನು ಅವರ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಆ ಗಂಜಿ ಕುಡಿದೆ. ಕಪ್ಪಿಗೆ ನೀರು ಹಾಕಿ, ಬೆರಳಿನಿಂದ ಅಂಚನ್ನೆಲ್ಲ ಬಳಿದು, ಅದನ್ನೂ ಕುಡಿದೆ. ಮುಗಿಯುವವರೆಗೆ ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ, ನನ್ನ ಗದ್ದದ ಮೇಲೆ ನಿಂತಿದ್ದ ಹನಿಯನ್ನು ಬೆರಳಿನಿಂದ ತೆಗೆದು ನನ್ನ ಬಾಯಿಗೆ ಹಾಕಿದರು.