ಹಾರ್ಟ್ಲಿಪೂಲಿನ ಐನೂರು ಅಭಿಪ್ರಾಯಗಳು

ಆವ್ರಿಲ್ ಸ್ನೋಡನ್ ಮಾತಿಗೆ ಶುರು ಮಾಡಿದರೆ ಫೋನ್ ಇಟ್ಟುಬಿಡುವವರು ಕಡಿಮೆ. ಗೇಟ್ಸ್‌ಹೆಡ್‌ನ ನಮ್ಮ ಸಮೀಕ್ಷಾ ಕಚೇರಿಯಲ್ಲಿ ಅರವತ್ತು ಮೇಜುಗಳಿದ್ದವು. ಕಿಟಕಿಯ ಪಕ್ಕದ್ದು ಅವಳದು, ಅದರ ಬಗಲಿನದು ನನ್ನದು. ಮೂವತ್ತು ವರ್ಷ ಬಸ್ಸು ಓಡಿಸಿ ಬಂದ ನನಗೆ ಜನರ ಬೈಗುಳ ಹೊಸದಲ್ಲ. ಆದರೆ ಬೈಯಲು ಬಾಯಿ ತೆರೆದವರಿಂದಲೇ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಹೊರಡಿಸುವ ವಿದ್ಯೆ ಅವಳೊಬ್ಬಳಿಗೇ ಗೊತ್ತಿತ್ತು. ಯಾರು ಏನೇ ಅಂದರೂ ಅವಳು ಹೌದೆನ್ನುತ್ತಿರಲಿಲ್ಲ, ಅಲ್ಲವೆನ್ನುತ್ತಿರಲಿಲ್ಲ. "ಬರ್ಕೊಂಡೆ, ಚಿನ್ನಾ" ಎಂದಷ್ಟೇ ಹೇಳುತ್ತಿದ್ದಳು.

ಅವಳ ಹುಟ್ಟೂರು ಹಾರ್ಟ್ಲಿಪೂಲ್, ಗೇಟ್ಸ್‌ಹೆಡ್‌ನಿಂದ ದಕ್ಷಿಣಕ್ಕೆ ಮೂವತ್ತು ಮೈಲಿ, ಸಮುದ್ರದ ಪಕ್ಕ. ಹದಿನಾರಕ್ಕೆ ಶಾಲೆ ಬಿಟ್ಟು ಶರ್ಟಿನ ಕಾರ್ಖಾನೆ ಸೇರಿದಳು. ಕಾಲರ್ ಹೊಲಿಯುವ ಸಾಲಿನಲ್ಲಿ ಪಕ್ಕದ ಯಂತ್ರಕ್ಕೆ ಕೂತಿದ್ದವಳು ನೋರೀನ್. ಗದ್ದಲದಲ್ಲಿ ಮಾತು ಕೇಳದೆ ಇಬ್ಬರೂ ತುಟಿ ನೋಡಿಕೊಂಡೇ ಹರಟುತ್ತಿದ್ದರಂತೆ. ಆ ನೋರೀನ್‌ಳನ್ನು ಮನೆಗೆ ಚಹಾಕ್ಕೆ ಕರೆದೊಯ್ದವಳು ಆವ್ರಿಲ್. ಎರಡು ವರ್ಷದೊಳಗೆ ಅವಳು ಆವ್ರಿಲ್‌ಳ ಅಣ್ಣ ಕ್ಲಿಫ್‌ನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಆವ್ರಿಲ್‌ಳ ಮಗಳನ್ನೇ ಎತ್ತಿ ಆಡಿಸಿದಳು. ಮುಂದೆ ಶರ್ಟಿನ ಕಾರ್ಖಾನೆ ಮುಚ್ಚಿತು, ಆವ್ರಿಲ್‌ಳ ಗಂಡ ಬೇರೊಬ್ಬಳೊಂದಿಗೆ ಹೋದ, ಅವಳು ಮಗಳನ್ನು ಕಟ್ಟಿಕೊಂಡು ಗೇಟ್ಸ್‌ಹೆಡ್‌ಗೆ ಬಂದಳು. ಕ್ಲಿಫ್ ಉಕ್ಕಿನ ಕೊಳವೆ ಕಾರ್ಖಾನೆಯಲ್ಲಿ ದುಡಿಯುತ್ತ ತಾಯಿಯ ಮನೆಯಲ್ಲೇ ಉಳಿದ.

ಅಣ್ಣ ತಂಗಿಯ ನಡುವೆ ಮಾತು ನಿಂತದ್ದು 2016ರ ಜೂನ್‌ನಲ್ಲಿ, ದೇಶ ಯುರೋಪಿನ ಒಕ್ಕೂಟ ಬಿಡಬೇಕೆಂದು ಮತ ಹಾಕಿದ ಎರಡನೇ ದಿನ. ಅಂದು ನೋರೀನ್‌ಗೆ ಅರವತ್ತು ತುಂಬಿತ್ತು. ಕಾರ್ಮಿಕರ ಕ್ಲಬ್ಬಿನಲ್ಲಿ ಊಟ. ಆವ್ರಿಲ್ ತನ್ನ ಮಗಳು, ಮೊಮ್ಮಗಳು, ಅಳಿಯ ರೂಯಿ ಎಲ್ಲರನ್ನೂ ಕರೆದುಕೊಂಡು ಹೋಗಿದ್ದಳು. ರೂಯಿ ಪೋರ್ಚುಗಲ್‌ನವನು, ಲೀಡ್ಸ್‌ನ ಆಸ್ಪತ್ರೆಯೊಂದರಲ್ಲಿ ನರ್ಸು. ಕ್ಲಿಫ್ ಬಿಯರ್ ಲೋಟ ಹಿಡಿದು ಎದ್ದು ನಿಂತ.

"ರೂಯಿ, ಪೆಟ್ಟಿಗೆ ಕಟ್ಟೋಕೆ ಶುರು ಮಾಡಪ್ಪ. ಬಸ್ ಚಾರ್ಜು ನಾನೇ ಕೊಡ್ತೀನಿ."

ಎಲ್ಲರೂ ನಕ್ಕರು. ರೂಯಿಯೂ ನಕ್ಕ. ಐದು ವರ್ಷದ ಮೊಮ್ಮಗಳು ಮಾತ್ರ, "ಅಪ್ಪ ಎಲ್ಲಿಗೆ ಹೋಗ್ತಾರೆ?" ಎಂದಳು. ಆವ್ರಿಲ್‌ಗೆ ರಕ್ತ ನೆತ್ತಿಗೇರಿತು.

"ಕ್ಲಿಫ್, ಅವನ ಹತ್ರ ಕ್ಷಮೆ ಕೇಳು."

"ತಮಾಷೆ ಮಾಡಿದ್ರೆ ಕ್ಷಮೆ ಯಾಕೆ ಕೇಳ್ಬೇಕು?"

"ಮೊನ್ನೆ ನೀವೆಲ್ಲ ಸೇರಿ ಇಡೀ ದೇಶಕ್ಕೇ ತಮಾಷೆ ಮಾಡಿದೀರಲ್ಲ, ಅದು ಸಾಲದಾ?"

"ಅಷ್ಟು ಉರಿದ್ರೆ ಈ ಊರಿಗೆ ಬರ್ಬೇಡ. ನಿನ್ನ ಯುರೋಪಲ್ಲೇ ಬಿದ್ದಿರು."

ಕೇಕು ಕತ್ತರಿಸುವ ಮೊದಲೇ ಆವ್ರಿಲ್ ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೊರಟಳು. ನೋರೀನ್ ಕಾರಿನವರೆಗೂ ಓಡಿಬಂದು ತಬ್ಬಿಕೊಂಡು, "ಕುಡಿದಿದಾನೆ ಕಣೇ, ನಾಳೆ ಸರಿಹೋಗ್ತಾನೆ" ಎಂದಳು. ಅವನು ಸರಿಹೋಗಲಿಲ್ಲ. ಇವಳೂ ಸೋಲಲಿಲ್ಲ. ಆವ್ರಿಲ್‌ಳ ಹುಟ್ಟುಹಬ್ಬಕ್ಕೆ ಎರಡು ವರ್ಷ ನೋರೀನ್‌ಳ ಕಾರ್ಡು ಬಂತು. ಮೂರನೆಯ ನವೆಂಬರಿನಲ್ಲಿ ಬರಲಿಲ್ಲ.

"ಅವಳನ್ನೂ ತನ್ನ ಕಡೆ ಎಳ್ಕೊಂಡ" ಎಂದಳು ಆವ್ರಿಲ್, ಊಟದ ವಿರಾಮದಲ್ಲಿ.

"ಒಂದು ಫೋನ್ ಮಾಡಿ ನೋಡಬಾರದಾ?" ಎಂದೆ.

"ನಾನ್ಯಾಕೆ ಮಾಡ್ಲಿ? ದಿನವಿಡೀ ಮಾಡೋದು ಅದೇ ಕೆಲಸ. ಅವರಿಗೂ ಬೆರಳಿವೆ."

2019ರ ಫೆಬ್ರುವರಿಯಲ್ಲಿ ಹಾರ್ಟ್ಲಿಪೂಲಿನ ಸಮೀಕ್ಷೆ ನಮ್ಮ ಕೈಗೆ ಬಂತು. ಒಕ್ಕೂಟ ಬಿಡುವ ಬಗ್ಗೆ ಆಗಿನ ಮಹಿಳಾ ಪ್ರಧಾನಿ ಯುರೋಪಿನಿಂದ ತಂದ ಒಪ್ಪಂದವನ್ನು ಸಂಸತ್ತು ಜನವರಿಯಲ್ಲಿ ತಿರಸ್ಕರಿಸಿತ್ತು. ಹೊರಬೀಳುವ ದಿನಕ್ಕೆ ಆರು ವಾರ ಉಳಿದಿತ್ತು. ಪತ್ರಿಕೆಯೊಂದಕ್ಕೆ ಆ ಒಂದೇ ಊರಿನ ಐನೂರು ಮಂದಿಯ ಅಭಿಪ್ರಾಯ ಬೇಕಿತ್ತು. ಮುಖ್ಯ ಪ್ರಶ್ನೆ ಇದು: ಬ್ರೆಕ್ಸಿಟ್ ಮಾತುಕತೆಗಳನ್ನು ಪ್ರಧಾನಿ ಹೇಗೆ ನಿಭಾಯಿಸುತ್ತಿದ್ದಾರೆ? ತುಂಬಾ ಚೆನ್ನಾಗಿ, ಸುಮಾರಾಗಿ, ಅಷ್ಟು ಚೆನ್ನಾಗಿ ಅಲ್ಲ, ತೀರಾ ಕೆಟ್ಟದಾಗಿ. ಅದರ ಹಿಂದೆಯೇ: ಯಾಕೆ ಹಾಗನ್ನಿಸುತ್ತದೆ?

ಆ ಊರಿನವರ ಬಾಯಿ ಕೇಳಬೇಕೇ. "ಆಯಮ್ಮನ್ನ ಅಂಗಡೀಲಿ ಮೊಟ್ಟೆ ಚೌಕಾಸಿ ಮಾಡೋಕೂ ಕಳಿಸಬಾರದು" ಎಂದ ಒಬ್ಬ. "ಗಂಡಸರು ಕೆಡಿಸಿಟ್ಟಿದ್ದನ್ನ ಒಬ್ಬಳೇ ಬಳೀತಾ ಇದಾಳೆ, ಪಾಪ" ಎಂದಳು ಒಬ್ಬ ಮುದುಕಿ. ಹಿಂದಿನಿಂದ ಅವಳ ಗಂಡ, "ಪಾಪ ಅಂತೆ, ಪಾಪ, ಫೋನ್ ಇಡೇ" ಎಂದು ಕೂಗಿದ. ಮತ್ತೊಬ್ಬ, "ನನ್ನ ಅಭಿಪ್ರಾಯ ಆವತ್ತು ಮತ ಹಾಕಿಸ್ದಾಗ್ಲೇ ಕೇಳಿದ್ರಲ್ಲ, ಹೇಳಿದ್ನಲ್ಲ, ಕೇಳಿಸ್ಕೊಂಡ್ರಾ?" ಎಂದು ಫೋನ್ ಕುಕ್ಕಿಟ್ಟ. ಬಿಡಬೇಕೆಂದವರೂ ಬೈದರು, ಬೇಡವೆಂದವರೂ ಬೈದರು. ಇಷ್ಟು ಒಗ್ಗಟ್ಟು ಆ ಊರಿನಲ್ಲಿ ಬಹಳ ವರ್ಷದಿಂದ ಇರಲಿಲ್ಲ.

ಎರಡನೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಆವ್ರಿಲ್‌ಳ ಕೈ ಮೇಜಿನ ಮೇಲೆ ನಿಂತದ್ದು ಕಂಡು ತಿರುಗಿದೆ. ನಂಬರು ಒತ್ತುವುದು ಯಂತ್ರ. ಹೆಸರು ಬರುವುದಿಲ್ಲ, ಅಂಕಿಗಳಷ್ಟೇ ಪರದೆಯ ಮೇಲೆ ಬರುತ್ತವೆ. ಬಂದಿದ್ದುದು ಅವಳು ಐದು ವರ್ಷದವಳಿದ್ದಾಗ ತಾಯಿ ಬಾಯಿಪಾಠ ಮಾಡಿಸಿದ್ದ ಮನೆಯ ನಂಬರು. ಗುರುತಿನವರು ಸಿಕ್ಕರೆ ಕರೆ ಕಡಿಯಬೇಕೆಂಬುದು ಕಚೇರಿಯ ನಿಯಮ. ಅದಕ್ಕೆಂದೇ ಒಂದು ಗುಂಡಿ ಇತ್ತು. ಅವಳು ಒತ್ತಲಿಲ್ಲ. ನೋರೀನ್ ಎತ್ತಬಹುದು, ಎರಡು ಮಾತು ಆಡಬಹುದು ಎಂದುಕೊಂಡಳಂತೆ.

ಎತ್ತಿದ್ದು ಕ್ಲಿಫ್.

ಅವಳು ಕಚೇರಿಯ ದನಿಯಲ್ಲಿ ಶುರು ಮಾಡಿದಳು, ಅವನು ಉತ್ತರಿಸಿದ. ಪ್ರಧಾನಿ ಹೇಗೆ ನಿಭಾಯಿಸುತ್ತಿದ್ದಾರೆ?

"ತೀರಾ ಕೆಟ್ಟದಾಗಿ."

"ಯಾಕೆ ಹಾಗನ್ನಿಸುತ್ತೆ?"

"ಹೊರಡು ಅಂದ್ವಿ. ಎರಡೂವರೆ ವರ್ಷದಿಂದ ಬಾಗಿಲಲ್ಲಿ ನಿಂತು ಕೋಟಿನ ಗುಂಡಿ ಹಾಕ್ತಾನೇ ಇದಾಳೆ. ಹೋಗೋಳು ಹೋಗ್ಬೇಕು, ಇರೋಳು ಇರ್ಬೇಕು. ಮಧ್ಯೆ ನಿಂತ್ರೆ ಮನೇಗೆಲ್ಲ ಚಳಿ."

"ಬರ್ಕೊಂಡೆ" ಎಂದಳು. ಚಿನ್ನಾ ಎನ್ನಲಿಲ್ಲ.

ಕೊನೆಗೆ ಎಲ್ಲರಿಗೂ ಕೇಳುವ ಪ್ರಶ್ನೆಗಳು ಬಂದವು. ವಯಸ್ಸು ಅರವತ್ತಾರು. ಕೆಲಸದಿಂದ ನಿವೃತ್ತ. ನಿಮ್ಮನ್ನೂ ಸೇರಿಸಿ ಮನೆಯಲ್ಲಿ ಎಷ್ಟು ಜನ?

"ಒಬ್ಬ."

"ಒಬ್ಬರೇನಾ?" ಎಂದಳು. ಹಾಗೆ ಮರುಪ್ರಶ್ನೆ ಹಾಕುವಂತಿಲ್ಲ.

"ಒಬ್ಬನೇ. ಹೆಂಡತಿ ತೀರಿಕೊಂಡಿದಾಳೆ. ಅದಕ್ಕೂ ಗುರುತು ಹಾಕೋಕೆ ಒಂದು ಚೌಕ ಇರ್ಬೇಕಲ್ಲ, ಹಾಕ್ಕೊ."

ನಾನು ನನ್ನ ಕರೆಯನ್ನು ನಿಲ್ಲಿಸಿ ಅವಳ ಕಡೆ ನೋಡಿದೆ. ಅವಳ ಮುಖದಲ್ಲಿ ಏನೂ ಇರಲಿಲ್ಲ.

"ಯಾವಾಗ?" ಎಂದಳು.

ಆ ಕಡೆ ಅವನು ಟೀವಿಯ ಸದ್ದು ತಗ್ಗಿಸಿದನಂತೆ.

"ಅಕ್ಟೋಬರ್ ಒಂಬತ್ತು. ಅದೂ ನಿನ್ನ ಪಟ್ಟೀಲಿದ್ಯಾ, ಆವ್ರಿಲ್?"

"ನಾನು ಅಂತ ಗೊತ್ತಿತ್ತಾ?"

"ಹಲೋ ಅಂದಾಗ್ಲೇ ಗೊತ್ತಾಯ್ತು. ಇನ್ನೇನಾದ್ರೂ ಕೇಳೋದಿದ್ಯಾ?"

ಪಟ್ಟಿಯಲ್ಲಿ ಒಂದು ಪ್ರಶ್ನೆ ಉಳಿದಿತ್ತು: ಮುಂದೆಂದಾದರೂ ನಿಮ್ಮನ್ನು ಮತ್ತೆ ಸಂಪರ್ಕಿಸಬಹುದೇ? ಅದನ್ನೇ ಕೇಳಿದಳು. ಬಾಯಿಗೆ ಬೇರೇನೂ ಬರಲಿಲ್ಲವಂತೆ. ಅವನು ಫೋನ್ ಇಟ್ಟ.

ಆ ಕರೆಯನ್ನು ನಮ್ಮ ಮೇಲ್ವಿಚಾರಕಿ ಡೆನೀಸ್ ಕೇಳಿಸಿಕೊಂಡಿದ್ದಳು. ಕೆಟ್ಟವಳಲ್ಲ. ಆವ್ರಿಲ್‌ಳನ್ನು ಒಳಗೆ ಕೂರಿಸಿ ನೀರು ಕೊಟ್ಟಳು, ಆಮೇಲೆ ಎಚ್ಚರಿಕೆಯ ಪತ್ರ ಕೊಟ್ಟಳು.

"ಅವರ ಉತ್ತರ ತೆಗೆದುಹಾಕ್ಬೇಕಾಗುತ್ತೆ, ಆವ್ರಿಲ್. ನಿಯಮ ನಿಂಗೂ ಗೊತ್ತು."

"ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಡೆನೀಸ್. ನಾನು ಒಂದಕ್ಷರ ಸೇರಿಸಿಲ್ಲ."

"ನಂಗೊತ್ತು. ಆದ್ರೂ ಎಣಿಸೋ ಹಾಗಿಲ್ಲ."

ಅವನ ಜಾಗಕ್ಕೆ ಬೇರೊಂದು ನಂಬರು ಹಾಕಿದರು.

ಭಾನುವಾರ ನಾನೇ ಅವಳನ್ನು ಕಾರಿನಲ್ಲಿ ಹಾರ್ಟ್ಲಿಪೂಲಿಗೆ ಕರೆದುಕೊಂಡು ಹೋದೆ. ಕ್ಲಿಫ್ ಬಾಗಿಲು ತೆರೆದ, ದೊಡ್ಡ ಮೈಕಟ್ಟಿನವನು, ಆದರೆ ಅಂಗಿ ಬೇರೆ ಯಾರದೋ ಎಂಬಂತೆ ಜೋತುಬಿದ್ದಿತ್ತು. ಕಾರಿನಲ್ಲೇ ಕೂತಿದ್ದ ನನ್ನ ಕಡೆ ನೋಡಿ, "ಅವರಿಗೂ ಬರೋಕೆ ಹೇಳು, ಚಳೀಲಿ ಯಾಕೆ ಕೂರ್ತಾರೆ" ಎಂದ. ಅಡುಗೆಮನೆಯಲ್ಲಿ ಮೂವರೂ ಕೂತೆವು. ಚಹಾ ಮಾಡಿದ. ಹಾಲು ಹುಳಿಯಾಗಿತ್ತು, ಹಾಗೇ ಕುಡಿದೆವು.

ಮೇದೋಜೀರಕದ ಕ್ಯಾನ್ಸರು, ಗೊತ್ತಾದ ಮೇಲೆ ಹನ್ನೊಂದು ವಾರ ಎಂದ. ಮುಂದಿನ ಕೋಣೆಯಲ್ಲೇ ಮಂಚ ಹಾಕಿದ್ದರಂತೆ.

"ನನ್ನನ್ನ ಕೇಳಿದ್ಲಾ?" ಎಂದಳು ಆವ್ರಿಲ್.

ಕ್ಲಿಫ್ ಚಮಚವನ್ನು ಮೇಜಿನ ಮೇಲೆ ಆಚೆಗಿಟ್ಟ, ಈಚೆಗಿಟ್ಟ.

"ಕೇಳಿದ್ಲು. ಎರಡು ಸಲ."

"ನೀನೇನಂದೆ?"

"ಮೊದಲನೇ ಸಲ, ಫೋನ್ ಮಾಡ್ತೀನಿ ಅಂದೆ. ಮಾಡ್ಲಿಲ್ಲ. ನೀನೇ ಮೊದಲು ಮಾಡ್ಬೇಕು ಅನ್ನೋದು ತಲೇಲಿತ್ತು. ಎರಡನೇ ಸಲ..." ಚಮಚ ಬಿಟ್ಟ. "ಮಾಡಿದ್ದೆ, ಅವಳು ಬರಲ್ಲ ಅಂದ್ಲು ಅಂತ ಸುಳ್ಳು ಹೇಳ್ದೆ."

ಆವ್ರಿಲ್ ತನ್ನ ಕಪ್ ಪಕ್ಕಕ್ಕೆ ಸರಿಸಿದಳು.

"ನಂಬಿದ್ಲಾ?"

"ನಂಬಿದ್ಲು. ಆವ್ರಿಲ್ ಹಾಗೆ ಮಾಡೋಳಲ್ಲ ಅಂತ ಒಂದು ಸಲ ಅಂದ್ಲು. ಆಮೇಲೆ ಕೇಳ್ಲಿಲ್ಲ."

ಆವ್ರಿಲ್ ಎದ್ದು ಕಪ್ ತೊಳೆದಳು. ಬಟ್ಟೆಯಿಂದ ಒರೆಸಿ ಮೊಳೆಗೆ ನೇತುಹಾಕಿದಳು. ಆ ಮನೆಯ ಕಪ್ ಎಲ್ಲಿರುತ್ತದೆಂದು ಅವಳು ಕೇಳಬೇಕಾಗಿರಲಿಲ್ಲ. ನೋರೀನ್‌ಳ ಬೂದಿ ಎಲ್ಲಿ ಎಂದು ಕೇಳಿದಳು. ಹಳೆ ಊರಿನ ತಡೆಗೋಡೆಯ ಹತ್ತಿರ ಸಮುದ್ರಕ್ಕೆ ಬಿಟ್ಟೆ ಎಂದ. ನಾವಿಬ್ಬರೇ ಅಲ್ಲಿಗೆ ಹೋದೆವು. ಉಬ್ಬರದ ಹೊತ್ತು, ನೀರು ಗೋಡೆಗೆ ಬಡಿದು ಮೇಲೆ ಹಾರುತ್ತಿತ್ತು, ಹತ್ತಿರ ನಿಲ್ಲುವಂತಿರಲಿಲ್ಲ. ದೂರದಿಂದಲೇ ನೋಡಿ ಬಂದು ಕಾರಿನಲ್ಲಿ ಕೂತಳು.

"ನವೆಂಬರಲ್ಲಿ ಕಾರ್ಡ್ ಬರ್ದೇ ಇದ್ದಾಗ ನಾನು ಅವಳನ್ನ ಬೈದೆ" ಎಂದಳು. "ಆಗ್ಲೇ ಸತ್ತು ಒಂದು ತಿಂಗಳಾಗಿತ್ತು."

ನಾನು ಗಾಡಿ ಚಾಲು ಮಾಡಿದೆ.

ಸಮೀಕ್ಷೆ ಪತ್ರಿಕೆಯಲ್ಲಿ ಬಂತು. ನೂರಕ್ಕೆ ಎಪ್ಪತ್ತೊಂದು ಮಂದಿ ಪ್ರಧಾನಿ ಕೆಟ್ಟದಾಗಿ ನಿಭಾಯಿಸಿದ್ದಾರೆ ಎಂದಿದ್ದರು. ಹೊರಬೀಳುವ ದಿನ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಆವ್ರಿಲ್ ದಿನಕ್ಕೆ ಎಂಟು ಗಂಟೆ ಅದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನವರಿಗೆ ಕೇಳುತ್ತಿದ್ದಳು. ದನಿ ಮೊದಲಿನಂತೆಯೇ ಇತ್ತು. ಆದರೆ ಮನೆಯಲ್ಲಿ ಎಷ್ಟು ಜನ ಎಂಬಲ್ಲಿಗೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮೇ ತಿಂಗಳ ಒಂದು ಶುಕ್ರವಾರ ಪ್ರಧಾನಿ ರಾಜೀನಾಮೆ ಪ್ರಕಟಿಸಿದರು. ಕಚೇರಿಯ ಚಹಾ ಕೋಣೆಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಆವ್ರಿಲ್‌ಳ ಮೊಬೈಲು ಸದ್ದು ಮಾಡಿತು. ಕ್ಲಿಫ್‌ನ ದನಿ ನನಗೂ ಕೇಳುವಷ್ಟು ದೊಡ್ಡದು.

"ನೋಡಿದ್ಯಾ? ಆಯಮ್ಮ ಹೋಗ್ತಾಳಂತೆ."

"ನೋಡಿದೆ."

"ಕೊನೇಲಿ ಗಂಟಲು ಕಟ್ಕೊಂಡು ಬಂತು ಅವಳಿಗೆ. ನಂಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ. ಆಗ್ಲಿಲ್ಲ ಕಣೇ." ಆಮೇಲೆ, "ಆವತ್ತು ನೋರೀನ್‌ಗೆ ನಾನು ಹೇಳಿದ್ದು..."

"ನಂಗೆ ಹೇಳಿ ಏನು ಬಂತು ಕ್ಲಿಫ್? ಹೇಳಬೇಕಾಗಿದ್ದು ಅವಳಿಗೆ."

ಅವನು ಮತ್ತೆ ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ.

ಮಾರನೇ ವರ್ಷದ ಜನವರಿಯಲ್ಲಿ, ದೇಶ ಕೊನೆಗೂ ಹೊರಬಿದ್ದ ವಾರ, ಕ್ಲಿಫ್‌ಗೆ ಪಾರ್ಶ್ವವಾಯು ಬಡಿಯಿತು. ಪಕ್ಕದ ಮನೆಯವಳು ಆವ್ರಿಲ್‌ಗೆ ತಿಳಿಸಿದಳು. ರಜೆಯ ಚೀಟಿ ಬರೆಯುತ್ತಿದ್ದವಳನ್ನು, "ಹೋಗ್ತೀಯಾ?" ಎಂದು ಕೇಳಿದೆ.

"ಹೋಗ್ತೀನಿ. ಬರಲ್ಲ ಅಂದ್ಲು ಅಂತ ಎರಡನೇ ಸಲ ಯಾರೂ ಹೇಳೋದು ಬೇಡ."

ನಾಲ್ಕು ದಿನ ಆಸ್ಪತ್ರೆಯಲ್ಲಿ ಕೂತಿದ್ದಳು. ಅವನಿಗೆ ಮಾತು ಬರುತ್ತಿರಲಿಲ್ಲ. ಎಡಗೈಯಿಂದ ಏನೋ ಬರೆಯಲು ನೋಡಿದನಂತೆ, ಗೀಚಿದ್ದು ಯಾರಿಗೂ ತಿಳಿಯಲಿಲ್ಲ. ಅವಳು ಚಮಚದಲ್ಲಿ ನೀರು ಹಾಕಿದಳು, ಗಡ್ಡ ಹೆರೆದಳು, ತಾಯಿಯ ಮಾತು ತೆಗೆದಳು, ಶರ್ಟಿನ ಕಾರ್ಖಾನೆಯ ಮಾತೂ ತೆಗೆದಳು. ಐದನೇ ದಿನ ಬೆಳಿಗ್ಗೆ ಅವನು ಹೋದ.

"ಕ್ಷಮಿಸಿದೆ ಅಂತ ಅಂದ್ಯಾ?" ಎಂದು ಒಮ್ಮೆ ಕೇಳಿದೆ. ಕೇಳಬಾರದಿತ್ತು.

"ಇಲ್ಲ" ಎಂದಳು. "ಅವನು ಕಾಯ್ತಾ ಇದ್ದ ಅನ್ಸುತ್ತೆ. ನನ್ನ ಬಾಯಿಂದ ಬರ್ಲಿಲ್ಲ."