ಅಡವಿಯ ಕೆರೆಗೆ ಉಡಿ

ನನ್ನ ಅವ್ವ ಬೀಗರ ಜೊತೆ ನೇರವಾಗಿ ಮಾತನಾಡುತ್ತಿರಲಿಲ್ಲ. ಅಕ್ಕನ ಮಾವ ಎದುರಿಗೇ ಕೂತಿದ್ದರೂ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, "ಚಾ ಸಾಕಂತ ಹೇಳವಾ ಅವರಿಗೆ" ಎಂದು ಅಕ್ಕನಿಗೆ ಹೇಳುತ್ತಿದ್ದಳು. ಅವರೂ ಅದನ್ನು ಕೇಳಿಸಿಕೊಂಡು, "ಅರ್ಧಾ ಕಪ್ಪರ ಕುಡೀಲಿ ಅನ್ನವಾ ನಿಮ್ಮವ್ವಗ" ಎಂದು ಅದೇ ಅಕ್ಕನ ಕೈಯಲ್ಲಿ ಉತ್ತರ ಕಳಿಸುತ್ತಿದ್ದರು. ಮದುವೆಯಾಗಿ ಎರಡು ವರ್ಷವಾದರೂ ಇದೇ ನಡೆದಿತ್ತು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅದು ಮರ್ಯಾದೆ. ಅವ್ವನ ವಿಷಯದಲ್ಲಿ ಅರ್ಧ ಮರ್ಯಾದೆ, ಅರ್ಧ ಸಿಟ್ಟು.

ಸಿಟ್ಟಿಗೆ ಕಾರಣ ಅಡವಿ. ನಾವು ಮೊರಬದವರು, ಕಪ್ಪು ಮಣ್ಣಿನ ಎರೆ ಹೊಲದ ಮಂದಿ. ನಮ್ಮಲ್ಲಿ ಬದುವಿನ ಮೇಲೆ ನಿಂತರೆ ಆಚೆ ಊರಿನ ಬಸ್ಸು ಎಬ್ಬಿಸಿದ ಧೂಳು ಕಾಣುತ್ತದೆ. ಬರುವವರು ಮನೆ ಮುಟ್ಟುವುದರೊಳಗೆ ಚಹಾಕ್ಕೆ ಇಟ್ಟಿರಬಹುದು. ಅಂಥ ಬಯಲಲ್ಲಿ ಬೆಳೆದ ಮಗಳನ್ನು ಅಪ್ಪ ದುಮ್ಮವಾಡದ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಮನೆತನ ಚೆನ್ನಾಗಿತ್ತು, ಹೊಲ ದನ ಎಲ್ಲ ಇದ್ದವು. ಆದರೆ ಅವರ ಹೊಲ ಮುಗಿದಲ್ಲಿ ಸರಕಾರ ಕಾಯ್ದಿಟ್ಟ ಅಡವಿ ಶುರುವಾಗುತ್ತಿತ್ತು, ಅದು ಎಲ್ಲಿ ಮುಗಿಯುತ್ತದೆಂದು ಊರಿನವರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಮಗಳನ್ನ ಅಡವಿಗೆ ಅಟ್ಟಿ ಬಂದ್ರಿ" ಎಂದು ಅಪ್ಪನಿಗೆ ರೊಟ್ಟಿ ಬಡಿಸುವಾಗಲೆಲ್ಲ ಅವ್ವ ಅನ್ನುತ್ತಿದ್ದಳು. ಅಪ್ಪ ರೊಟ್ಟಿ ಮುರಿಯುವುದರಲ್ಲಿ ಮಗ್ನರಾಗಿರುತ್ತಿದ್ದರು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಸುಗ್ಗಿಯ ರಾಶಿ ಮುಗಿದಿತ್ತು. ಅವ್ವ ಮತ್ತು ನಾನು ಅಕ್ಕನನ್ನು ನೋಡಲು ಹೋಗಿದ್ದೆವು. ಬೀಗರಿಗೆ ತಮ್ಮ ಅಡವಿಯ ಬಗ್ಗೆ ಭಾರೀ ಜಂಬ, ತಾವೇ ಗಿಡ ನೆಟ್ಟವರ ಹಾಗೆ. ಒಳಗೆ ಕೆರೆಗಳಿವೆ, ಒಂದಕ್ಕಿಂತ ಒಂದು ದೊಡ್ಡವು, ಬೀಗಿತ್ತಿಗೆ ತೋರಿಸಲೇಬೇಕು ಎಂದು ಹಟ ಹಿಡಿದು ಚಕ್ಕಡಿ ಹೂಡಿಸಿದರು. ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಹಾಸಿದ್ದು ನವಲಗುಂದದ ಜಮಖಾನೆ. ಮದುವೆಯಲ್ಲಿ ಅವ್ವ ನೇಯಿಸಿ ಕೊಟ್ಟದ್ದು. ಅವಳು ಹತ್ತಿ ಕೂತು ಅದರ ಅಂಚನ್ನು ಕೈಯಿಂದ ಸವರಿದಳು.

"ದೊಡ್ಡ ಮಂದಿ ಕೂಡ್ಲಿ ಅಂತ ಕೊಟ್ಟಿದ್ದು, ಎತ್ತಿನ ಹುಲ್ಲಿನ ಮ್ಯಾಲೆ ಹಾಸ್ಯಾರ" ಎಂದು ನನ್ನ ಕಿವಿಯಲ್ಲಿ ಅಂದಳು. ಬೀಗರಿಗೆ ಕೇಳಿಸುವಷ್ಟು ಜೋರಾಗಿಯೇ ಅಂದಳು. ಅವರು ಎತ್ತುಗಳನ್ನು ಹೊಡೆದರು.

ಅಡವಿಯ ಗೇಟಿನ ಹತ್ತಿರ ಇದ್ದ ಫಾರೆಸ್ಟ್ ಗಾರ್ಡು ಬೀಗರ ಗುರುತಿನವನು. "ಹೊತ್ತು ಮುಳುಗೂದ್ರಾಗ ಹೊರಗ ಬಂದುಬಿಡ್ರಿ, ಕರಡಿ ಅಡ್ಡಾಡಾಕತ್ತಾವು" ಎಂದ. ಎರಡೂ ಬದಿಗೆ ಸಾಗವಾನಿ, ಮತ್ತಿ, ಬಿದಿರು. ಒಣಗಿದ ಎಲೆಯ ಮೇಲೆ ಏನೋ ಸರಿದಾಡಿದರೆ ಅವ್ವ, ಅಕ್ಕ, ನಾನು ಮೂವರೂ ಹೆಂಗಸರು ಅತ್ತ ತಿರುಗುತ್ತಿದ್ದೆವು, ಏನೂ ಕಾಣುತ್ತಿರಲಿಲ್ಲ. "ಕಣ್ಣು ಹಾಯಿಸಾಕ ಜಾಗಾನ ಇಲ್ಲಲ್ಲ" ಎಂದಳು ಅವ್ವ. ಮೊದಲ ಕೆರೆ ಬಂತು, ದಾಟಿತು. ಎರಡನೆಯದೂ ದಾಟಿತು. ಮೂರನೆಯ ಕೆರೆಯ ಬಳಿ ಬೀಗರು ಚಕ್ಕಡಿ ನಿಲ್ಲಿಸಿ ಎತ್ತುಗಳ ಕೊಳ್ಳು ಹರಿದು ನೊಗದಿಂದ ಬಿಡಿಸಿದರು. ಆ ಕೆರೆಯ ಆಚೆ ದಂಡೆ ಮಸುಕಾಗಿತ್ತು, ಅದರ ಹಿಂದೆ ಮತ್ತೆ ಅಡವಿ.

ಹೊಸ ನೀರು ಕಂಡರೆ ಅದಕ್ಕೆ ಬಾಗಿನ ಬಿಟ್ಟು ಗಂಗವ್ವನ ಉಡಿ ತುಂಬದೆ ಅವ್ವ ಒಂದು ಗುಟುಕೂ ಕುಡಿಯುವವಳಲ್ಲ. ಕೆರೆಯ ನೀರನ್ನೇ ಕುಡಿದು ಬದುಕಿದ ಊರು ನಮ್ಮದು. ಚಪ್ಪಲಿ ಹಾಕಿಕೊಂಡು ಕೆರೆಯ ಮೆಟ್ಟಿಲಿಗೆ ಇಳಿದವನನ್ನು ಬೈದು ಓಡಿಸುತ್ತಾರೆ. ಹಾಗಾಗಿ ಅವಳು ಮನೆಯಿಂದಲೇ ಖಣ, ಕಾಯಿ, ಅರಿಷಿಣ, ಕುಂಕುಮ ಕಟ್ಟಿಕೊಂಡು ಬಂದಿದ್ದಳು. ಚಪ್ಪಲಿ ಬಿಟ್ಟು, ಗಂಟನ್ನು ಉಡಿಯಲ್ಲಿಟ್ಟುಕೊಂಡು ಹೊರಟಳು. ಬೇಸಿಗೆಗೆ ನೀರು ಹಿಂದೆ ಸರಿದು ದಂಡೆಯಲ್ಲಿ ಅಗಲವಾದ ಮಣ್ಣಿನ ಪಟ್ಟಿ ಬಿಟ್ಟಿತ್ತು. ಅದರ ತುಂಬ ಬಿರುಕು.

"ಆ ಕಡೆ ಕಲ್ಲದಾವು, ಅಲ್ಲಿಂದ ಇಳೀಲಿ ಅನ್ನವಾ" ಎಂದು ಬೀಗರು ಎತ್ತಿಗೆ ಹುಲ್ಲು ಹಾಕುತ್ತ ಅಕ್ಕನಿಗೆ ಹೇಳಿದರು.

"ನನಗ ನೆಲ ನೋಡಾಕ ಬರ್ತೈತಂತ ಹೇಳು" ಎಂದಳು ಅವ್ವ.

ಅವಳ ಮಾತು ಸುಳ್ಳಲ್ಲ. ಎರೆ ನೆಲ ಬಿರುಕು ಬಿಟ್ಟಿತೆಂದರೆ ಕಲ್ಲಾಯಿತೆಂದೇ ಅರ್ಥ. ಬೇಸಿಗೆಯಲ್ಲಿ ನಮ್ಮ ಹೊಲಗಳಲ್ಲಿ ಕಾಲು ಹೋಗುವಂಥ ಬಿರುಕು ಬೀಳುತ್ತವೆ, ಆದರೆ ಅದರ ಮೇಲೆ ಟ್ರ್ಯಾಕ್ಟರ್ ಓಡಿಸಬಹುದು. ನಾನೂ ಆ ದಂಡೆಯನ್ನು ನೋಡಿ ಒಣಗಿದೆ ಎಂದೇ ತಿಳಿದೆ. ಮೊದಲ ಹೆಜ್ಜೆಗಳನ್ನು ನೆಲ ತಾಳಿತು. ನೀರು ಇನ್ನೇನು ಕೈಗೆ ಸಿಗಬೇಕು ಅನ್ನುವಾಗ ಹಪ್ಪಳ ಮುರಿದ ಸದ್ದಾಯಿತು. ಅವ್ವ ಮೊಣಕಾಲಿನವರೆಗೆ ಇಳಿದಳು.

ಕಾಲು ಕೀಳಲು ಹೋದಳು, ತೊಡೆಯವರೆಗೆ ಇಳಿದಳು. ಉಡಿಯ ಗಂಟು ಕೆಸರಿಗೆ ಬಿತ್ತು. ನಾನು ಓಡಿದೆ. ಅಷ್ಟರಲ್ಲಿ ಬೀಗರು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

"ನೀನೂ ಹೊಕ್ಕೀ ತಂಗಿ. ಹೋದ ವರ್ಷ ಇಲ್ಲೇ ಒಂದು ಎಮ್ಮಿ ಹೋತು. ಹಗ್ಗ ಹಾಕಿದ್ರೂ ಬರಲಿಲ್ಲ."

ಅವರೇ ಹೊಟ್ಟೆಯ ಮೇಲೆ ತೆವಳುತ್ತ ಮುಂದೆ ಹೋಗಿ, "ಬೋರಲು ಮಲಗ್ರಿ ಅಕ್ಕಾರ, ಮೈ ಹರವಿ ಮಲಗ್ರಿ, ಇಲ್ಲಂದ್ರ ಒಳಗ ಹೋಗ್ತೀರಿ" ಎಂದು ನೇರವಾಗಿ ಅವ್ವನಿಗೇ ಅಂದರು. ಅವ್ವನ ಸೀರೆ ಮೇಲೆ ಸರಿದಿತ್ತು, ಸೆರಗು ತಲೆಯಿಂದ ಜಾರಿತ್ತು. ಬೀಗರು ಹತ್ತಿರ ಬಂದಂತೆ ಅವಳು ಸೀರೆಯನ್ನು ಕೆಳಕ್ಕೆ ಎಳೆಯಲು ಬಗ್ಗಿದಳು, ಸೆರಗನ್ನು ಹುಡುಕುತ್ತ ತಿರುಗಿದಳು. ತಿರುಗಿದಷ್ಟೂ ಇಳಿದಳು. ಕೆಸರು ನಡುವಿಗೆ ಬಂತು.

"ಅವರಿಗೆ ಹಿಂದ ಹೋಗ್ರಿ ಅಂತ ಹೇಳವಾ" ಎಂದು ಅಕ್ಕನನ್ನು ಕೂಗಿದಳು. ಸಾಯುವ ಹೊತ್ತಿನಲ್ಲೂ ನೇರ ಮಾತಿಲ್ಲ. ಅವಳ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಮಾನ ಉಳಿಸಿಕೊಂಡು ಮುಳುಗು ಹಾಗಾದರೆ ಎಂದು ಬಾಯಿಗೆ ಬಂದಿತ್ತು. ಹೊತ್ತು ಗಿಡಗಳ ತುದಿಗೆ ಇಳಿದಿತ್ತು.

ಆಗ ಬೀಗರು ಹಿಂದಕ್ಕೆ ಸರಿದು ಎದ್ದರು. ಚಕ್ಕಡಿಗೆ ಹೋಗಿ ಜಮಖಾನೆಯನ್ನೂ ಉದ್ದನೆಯ ಹಗ್ಗವನ್ನೂ ತಂದು ಅಕ್ಕನ ಕೈಗೆ ಕೊಟ್ಟರು. ಹಗ್ಗದ ಒಂದು ತುದಿಯನ್ನು ತಮ್ಮ ಹೆಗಲಿಗೆ ಹಾಕಿಕೊಂಡರು. ಆಮೇಲೆ ನಮಗೆ ಬೆನ್ನು ಮಾಡಿ, ಅಡವಿಯ ಕಡೆ ಮುಖ ಮಾಡಿ ನಿಂತರು.

"ನಾ ತಿರುಗೂದಿಲ್ಲ ಅಂತ ಹೇಳವಾ ನಿಮ್ಮವ್ವಗ" ಎಂದರು. "ನೀವು ಎಳಿ ಅಂದ್ರ ಎಳೀತೀನಿ, ನಿಲ್ಲು ಅಂದ್ರ ನಿಲ್ತೀನಿ. ನನ್ನ ಕಣ್ಣು ಗಿಡದ ಮ್ಯಾಲಷ್ಟ ಅದಾವು."

ಅವ್ವ ಆ ಬೆನ್ನನ್ನು ಒಂದು ಗಳಿಗೆ ನೋಡಿದಳು. ನಾನೂ ಅಕ್ಕನೂ ಜಮಖಾನೆಯನ್ನು ಕೆಸರಿನ ಮೇಲೆ ಬಿಡಿಸಿದೆವು. "ಹೊಸಾ ಜಮಖಾನಿ ಲೇ" ಎಂದಳು ಅವ್ವ. ಅಕ್ಕ, ಎಂದೂ ಎದುರಾಡದವಳು, "ಬಾಯಿ ಮುಚ್ಚಿ ಮಲಗ ಬೇ" ಎಂದಳು. ಅವ್ವ ಮಲಗಿದಳು. ಕೆನ್ನೆಯನ್ನು ಜಮಖಾನೆಗೆ ಹಚ್ಚಿ, ಎರಡೂ ಕೈ ಚಾಚಿ, ಮಗುವಿನ ಹಾಗೆ ಮಲಗಿದಳು. ನಾನು ಬೋರಲಾಗಿ ಅವಳ ಕಂಕುಳಿನ ಕೆಳಗೆ ಹಗ್ಗ ತೂರಿಸಿದೆ.

"ಎಳೀರಿ ಮಾಮಾರ" ಎಂದೆ. ಅವರು ಎತ್ತಿನ ಹಾಗೆ ಮುಂದಕ್ಕೆ ಬಾಗಿದರು. ಹಗ್ಗ ಬಿಗಿಯಿತು. ಏನೂ ಆಗಲಿಲ್ಲ. ಅವ್ವ ನರಳಿದಳು. "ನಿಲ್ರಿ" ಎಂದೆ, ನಿಂತರು. ಅಕ್ಕ ಕೆಸರಿನೊಳಗೆ ಕೈ ಹಾಕಿ ಅವ್ವನ ಮೊಣಕಾಲಿನ ಸುತ್ತ ಬಗೆದು ಬಗೆದು ನೀರು ಬಿಟ್ಟಳು. ಮತ್ತೆ ಎಳೆದರು. ಹಿಂದೆ ಗಿಡಗಳ ನಡುವೆ ಏನೋ ಮುರಿದ ಸದ್ದಾಗಿ ಎತ್ತುಗಳು ಬೆದರಿ ಎದ್ದವು. ಬೀಗರು ಮುಖ ಮಾಡಿ ನಿಂತದ್ದು ಆ ಕಡೆಗೇ. ಏನು ಕಂಡರೋ, ಜಾಗ ಬಿಡಲಿಲ್ಲ. ಎಷ್ಟು ಹೊತ್ತು ಹೀಗೆ ನಡೆಯಿತೆಂದು ನನಗೆ ಹೇಳಲಾಗದು. ಒಂದು ಕಾಲು ಪಚಕ್ಕನೆ ಬಂತು. ಆಮೇಲೆ ಇನ್ನೊಂದು. ಜಮಖಾನೆಯ ಸಮೇತ ಅವ್ವ ಗಟ್ಟಿ ನೆಲಕ್ಕೆ ಬಂದಳು.

ಹಗ್ಗ ಸಡಿಲವಾದದ್ದು ಬೀಗರಿಗೆ ಗೊತ್ತಾಗಿರಬೇಕು. ಬರಿಯ ಹಗ್ಗವಷ್ಟೇ ಬಂತೋ, ಮನುಷ್ಯರು ಬಂದರೋ, ಅದು ಗೊತ್ತಾಗಿರಲಿಲ್ಲ. ತಿರುಗಲಿಲ್ಲ.

"ಬಂದ್ರೇನವಾ?" ಎಂದರು. ಅವರ ದನಿಯೇ ಅಲ್ಲ ಅದು.

ನನಗೆ ಅಳು ಒತ್ತಿ ಬಂದಿತ್ತು. ಅಕ್ಕ ಅವ್ವನ ಮೂಗು ಬಾಯಿ ಒರೆಸುತ್ತಿದ್ದಳು.

"ಯವ್ವಾ, ಯಾರರ ಏನರ ಅನ್ರಿ" ಎಂದರು ಬೀಗರು ಗಿಡಗಳಿಗೆ.

ಅವ್ವ ಎದ್ದು ಕೂತಳು. ಕೆಸರು ಸುರಿಯುವ ಸೀರೆಯನ್ನು ಕಾಲ ಮೇಲೆ ಎಳೆದುಕೊಂಡು ಸೆರಗನ್ನು ತಲೆಯ ಮೇಲೆ ಹೊದ್ದಳು. ನಮ್ಮಿಬ್ಬರ ಮುಖ ನೋಡಿದಳು.

"ಇನ್ನ ತಿರುಗ್ರಿ ಅಣ್ಣಾರ" ಎಂದಳು.

ಅವರು ತಿರುಗಿದರು. ಹೆಗಲ ಮೇಲೆ ಅಂಗಿ ಹರಿದು, ಹಗ್ಗ ಉಜ್ಜಿದಲ್ಲಿ ರಕ್ತ ಬಂದಿತ್ತು. ಅವ್ವನ ಕಡೆ ನೋಡಲು ಧೈರ್ಯ ಸಾಲದೆ, ರೂಢಿಯಂತೆ ಅಕ್ಕನಿಗೆ ಅಂದರು, "ಎಲ್ಲೆರ ಪೆಟ್ಟು ಬಿದ್ದೈತೇನು, ನಿಮ್ಮವ್ವನ್ನ ಕೇಳವಾ."

"ನನ್ನನ್ನ ಕೇಳ್ರಿ" ಎಂದಳು ಅವ್ವ. "ಇಲ್ಲೇ ಅದೀನಲ್ಲ."