ಬಲಗಡೆ ಬಿದ್ದ ಹೂವು ಯಾರದ್ದು?

ದೇವರಿಗೇ ಟೋಪಿ ಹಾಕೋಕೆ ಹೋದವರನ್ನ ನೀವು ನೋಡಿದ್ದೀರಾ? ನೋಡಿಲ್ಲ ಅಂದರೆ ಈ ಅಂಕಣದ ಪಕ್ಕದಲ್ಲಿರೋ ಫೋಟೋ ಒಂದು ಸಲ ನೋಡಿಬಿಡಿ.

ನನ್ನ ಹೆಂಡತಿ ಸುಜಾತ ತನ್ನ ತಮ್ಮನಿಗೆ ಕಿಡ್ನಿ ಕೊಡ್ತೀನಿ ಅಂತ ಕೂತಿದ್ದಳು. ತಮ್ಮ ಲೋಕೇಶ ಕುಣಿಗಲ್ಲಿನಲ್ಲಿ ಟೈಲರ್. ಡಯಾಲಿಸಿಸ್ ಅಂತ ತುಮಕೂರಿಗೆ ಬಸ್ಸಲ್ಲಿ ಬಂದು ಹೋಗಿ ಮನುಷ್ಯ ಅರ್ಧ ಆಗಿದ್ದಾನೆ. ಟೆಸ್ಟ್ ಎಲ್ಲ ಮುಗಿದು ಅಕ್ಕನದು ಮ್ಯಾಚ್ ಆಯ್ತು. ಬಾಕಿ ಉಳಿದಿದ್ದು ನನ್ನ ಒಪ್ಪಿಗೆಯ ಸಹಿ. (ಹೌದು, ಕಿಡ್ನಿ ಅವಳದು, ಸಹಿ ಮಾತ್ರ ಗಂಡನದೂ ಬೇಕಂತೆ.)

ನಾನು ಹಾಕಲಿಲ್ಲ.

ಲೋಕೇಶನ ಮೇಲೆ ನನಗೆ ದ್ವೇಷ ಇಲ್ಲ. ನನ್ನ ಹೊಟ್ಟೆ ಬೆಳೆದ ಹಾಗೆಲ್ಲ ಪ್ಯಾಂಟು ಬಿಚ್ಚಿ ಅಗಲ ಮಾಡಿಕೊಟ್ಟವನು ಅವನೇ. ಆದರೆ ಹೆದರಿಕೆ ಅನ್ನೋದು ಇದೆಯಲ್ಲ? ಸುಜಾತಳನ್ನು ಆಪರೇಷನ್ ಥಿಯೇಟರಿಗೆ ಕಳಿಸಿ ಹೊರಗೆ ಬೆಂಚಿನ ಮೇಲೆ ಕೂರುವ ಧೈರ್ಯ ನನಗೆ ಬರಲಿಲ್ಲ. ಗುಬ್ಬಿಯಲ್ಲಿರುವ ನನ್ನ ಅಕ್ಕ ಬೇರೆ ಫೋನ್ ಮಾಡಿ, ನಾಳೆ ಇವಳಿಗೆ ಹೆಚ್ಚುಕಮ್ಮಿ ಆದರೆ ನಿನಗೆ ಒಂದು ಲೋಟ ಕಾಫಿ ಕೊಡೋರು ಯಾರು ಅಂತ ಕೇಳಿದಳು. ಅಲ್ಲಿಗೆ ನಾನು ಪೆನ್ನಿನ ಕ್ಯಾಪು ಮುಚ್ಚಿ ಜೇಬಿಗಿಟ್ಟೆ.

ಸುಜಾತಳಿಗೆ ಮಾತ್ರ ಯಾವ ಗಾಬರಿಯೂ ಇಲ್ಲ. ರಿಪೋರ್ಟ್ ಬಂದ ದಿನ ದೇವರ ಮುಂದೆ ದೀಪ ಹಚ್ಚುವಾಗ 'ನೀನೇ ಕೊಡಬೇಕು' ಅಂತ ಮನೆದೇವರು ಅಮ್ಮನೇ ಹೇಳಿದಂತಾಯಿತಂತೆ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವನು. 'ಹೇಳಿದಂತಾಯಿತು' ಅಂತ ಬರೆದವರಿಗೆಲ್ಲ ಮಾರ್ಕ್ಸ್ ಕೊಟ್ಟು ಅಭ್ಯಾಸ ಇಲ್ಲ. ಹಾಗಾದ್ರೆ ಸರಿಯಾಗೇ ಕೇಳಿಬಿಡೋಣ, ಹೂ ಕೇಳೋಣ ಅಂದೆ. ಅವಳು ತಕ್ಷಣ ಒಪ್ಪಿಬಿಟ್ಟಳು.

ಹೂ ಕೇಳೋದು ಅಂದರೆ ಗೊತ್ತಲ್ಲ? ಪೂಜಾರಿ ಒದ್ದೆ ಹೂಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸುತ್ತಾರೆ. ನಾವು ಮನಸ್ಸಲ್ಲೇ ಕೇಳಿಕೊಂಡು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. ಸುಜಾತಳ ತವರಿನ ಮನೆದೇವರು ಹುಲಿಯೂರುದುರ್ಗದ ಹತ್ತಿರ ಒಂದು ಸಣ್ಣ ಗುಡಿಯ ಅಮ್ಮ. ಈ ಅಮ್ಮನದು ಒಂದು ಖ್ಯಾತಿ ಇದೆ. ಬಹಳ ಕರುಣೆ, ಎಡಗಡೆ ಹೂ ಕೊಡೋದೇ ಅಪರೂಪ.

ಇಲ್ಲೇ ನನ್ನ ಬುದ್ಧಿ ಓಡಿದ್ದು. ಅಮ್ಮ ಹೇಗಿದ್ದರೂ ಬಲಗಡೆ ಕೊಡುತ್ತಾಳೆ ಅಂದಮೇಲೆ, ಪ್ರಶ್ನೆಯನ್ನೇ ತಿರುಗಿಸಿ ಹಾಕಿದರೆ? 'ಇವಳು ಕಿಡ್ನಿ ಕೊಡೋದು ಬೇಡ ಅನ್ನೋದಾದ್ರೆ ಬಲಗಡೆ ಕೊಡು ತಾಯಿ' ಅಂತ ಕೇಳಿಕೊಂಡು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಸುಜಾತ. ಪೂಜಾರಪ್ಪ ಗಂಟೆ ಬಾರಿಸುತ್ತಲೇ ಇದ್ದರು. ಪಟ್ ಅಂತ ಕಣಗಿಲೆ ಹೂ ಬಿತ್ತು. ಬಲಗಡೆ!

ನನಗೆ ಖುಷಿ. ತಿರುಗಿ ನೋಡಿದರೆ ಸುಜಾತಳ ಮುಖ ನನಗಿಂತ ಹೆಚ್ಚು ಅರಳಿತ್ತು. ಪಾಪ, ಗೊತ್ತಾದಾಗ ಎಷ್ಟು ಬೇಜಾರಾಗುತ್ತೋ ಅಂದುಕೊಂಡೆ. ವಾಪಸ್ ಬರುತ್ತಾ ಕುಣಿಗಲ್ಲಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಇನ್ನು ಮುಚ್ಚಿಡೋದು ಬೇಡ ಅಂತ ನಾನು ಕೇಳಿಕೊಂಡದ್ದನ್ನು ಹೇಳಿಬಿಟ್ಟೆ. ರೇಗುತ್ತಾಳೆ ಅಂತ ಲೋಟ ಸ್ವಲ್ಪ ದೂರ ಇಟ್ಟುಕೊಂಡೇ ಕೂತಿದ್ದೆ.

ಅವಳು ರೇಗಲಿಲ್ಲ. "ನಾನು ಕಿಡ್ನಿ ವಿಷ್ಯ ಕೇಳ್ಲೇ ಇಲ್ಲ ರೀ" ಅಂದಳು. "ಅದನ್ನ ಅಮ್ಮ ಆಗ್ಲೇ ಹೇಳಾಗಿದೆ. ಹೇಳಿದ್ದನ್ನೇ ಇನ್ನೊಂದ್ ಸಲ ಕೇಳಿದ್ರೆ ಅವಳನ್ನ ನಂಬ್ಲಿಲ್ಲ ಅಂತಾಗುತ್ತೆ. ನಿಮ್ ಹೆದ್ರಿಕೆ ಹೋಗುತ್ತೆ ಅನ್ನೋದಾದ್ರೆ ಬಲಗಡೆ ಕೊಡವ್ವ ಅಂದೆ."

ದೂರ ಇಟ್ಟಿದ್ದ ಲೋಟ ಹತ್ತಿರ ಎಳೆದುಕೊಂಡೆ. ಹೊಟ್ಟೆ ಕೊಯ್ಸಿಕೊಳ್ಳೋಕೆ ಹೊರಟವಳು ತನಗೆ ಅಂತ ಏನೂ ಕೇಳಿಕೊಂಡಿರಲಿಲ್ಲ. ಕೇಳಿದ್ದು ನನಗೋಸ್ಕರ. ನನಗೆ ನಾಚಿಕೆಯೂ ಆಯಿತು, ಅವಳ ಮೇಲೆ ಎಂದೂ ಇಲ್ಲದ ಪ್ರೀತಿಯೂ ಉಕ್ಕಿತು. ಆದರೂ ಮೇಷ್ಟರ ಬುದ್ಧಿ ಬಿಡುತ್ತಾ? ಒಂದೇ ಹೂವು, ಎರಡು ಪ್ರಶ್ನೆ, ಉತ್ತರ ಯಾವುದಕ್ಕೆ? ನಾನೇ ಕಂಡುಕೊಂಡೆ. ಉತ್ತರ ಮೊದಲೇ ಗೊತ್ತು ಮಾಡಿಕೊಂಡು ಪೇಪರ್ ಸೆಟ್ ಮಾಡಿದವನ ಪರೀಕ್ಷೆ ರದ್ದಾಗಬೇಕು. ಅದು ನಮ್ಮ ಡಿಪಾರ್ಟ್‌ಮೆಂಟಿನ ರೂಲೇ. ಅಲ್ಲಿಗೆ ಹೂವು ಬಿದ್ದಿದ್ದು ಅವಳ ಪ್ರಶ್ನೆಗೆ.

ಅಲ್ಲಿಂದ ಲೋಕೇಶನ ಅಂಗಡಿಗೆ ಹೋದೆವು. ಅವನು ಮಿಷನ್ನಿನ ಮುಂದೆ ಕೂತೇ, "ಬ್ಯಾಡ ಬುಡಕ್ಕ, ನಿನ್ ಸಂಸಾರ ನೋಡ್ಕೊ" ಅಂದ.

"ಸಣ್ಣವನಿದ್ದಾಗ ನಿನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ತಿರುಗ್ಲಿಲ್ವೇನ್ಲಾ? ಈಗ ಅಲ್ಲೇ ಒಳಗಿರೋದು ಕೊಡ್ತೀನಿ, ಅಷ್ಟೇ ಕಣೋ" ಅಂದಳು ಸುಜಾತ.

ಲೋಕೇಶ ಮುಖ ಆ ಕಡೆ ತಿರುಗಿಸಿ ಮಿಷನ್ ತುಳಿಯತೊಡಗಿದ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಮಾರನೇ ದಿನ ಸಹಿ ಹಾಕಿದೆ. ಆಪರೇಷನ್ ಬರುವ ವಾರ. ಡಾಕ್ಟರ್ ಭರವಸೆಯಿಂದ ಇದ್ದಾರೆ. ಲೋಕೇಶ, ಆಸ್ಪತ್ರೆಯಿಂದ ಬಂದ ತಕ್ಷಣ ನನ್ನ ಪ್ಯಾಂಟು ಅಗಲ ಮಾಡಿಕೊಡೋದಾಗಿ ಮಾತು ಕೊಟ್ಟಿದ್ದಾನೆ. ಗುಬ್ಬಿಯ ಅಕ್ಕ ಬಾಣಂತನಕ್ಕೆ ಬರೋರ ಥರ ಬ್ಯಾಗ್ ರೆಡಿ ಮಾಡಿಕೊಂಡಿದ್ದಾಳೆ.

ಹೆದರಿಕೆ ಹೋಯ್ತಾ ಅಂತ ಸುಜಾತ ದಿನಾ ಬೆಳಿಗ್ಗೆ ಕೇಳುತ್ತಾಳೆ. ಹೋಯ್ತು ಅಂತೀನಿ. (ಪೂರ್ತಿ ಹೋಗಿಲ್ಲ. ಅವಳಿಗೆ ಹೇಳಬೇಡಿ.) ಆದರೆ ಹಾಗೆ ಅಂದಾಗಲೆಲ್ಲ ಒಂಚೂರು ಕಮ್ಮಿ ಆಗುತ್ತಿರೋದು ನಿಜ.

ಹೂವು ಕೇಳಿದ್ದು ಅವಳು ಇರಬಹುದು, ಅದರ ಅಪ್ಪಣೆ ಪಾಲಿಸಬೇಕಾದವನು ನಾನೇ ತಾನೇ?